ಬೆಕ್ಕಿಗೆ ನೆಗಡಿ ಇಲ್ಲ ಎಂಬ ತೀರ್ಪು

ನಮ್ಮ ಅತ್ತೆಯ ಮನೆಯಲ್ಲಿ ಚಕ್ಕಡಿ ಹೊರಡುವುದು ಎತ್ತುಗಳ ಕಾಲಲ್ಲಿರಲಿಲ್ಲ, ಒಂದು ಮುದಿ ಬೆಕ್ಕಿನ ಮೂಗಿನಲ್ಲಿತ್ತು. ಹೀಗೆಂದರೆ ಈಗಿನವರು ನಗುತ್ತಾರೆ. ಆಗ ನಗುವ ಹಾಗಿರಲಿಲ್ಲ, ಯಾಕೆಂದರೆ ಮಾವನವರು ನಗುತ್ತಿರಲಿಲ್ಲ.

ನಾನು ಕೊಪ್ಪಳದಲ್ಲಿ ಬೆಳೆದವಳು. ನಮ್ಮಪ್ಪ ಅಲ್ಲಿ ಒಂದು ಸರ್ಕಾರಿ ಕಚೇರಿಯ ಜವಾನ; ತಾಸಿಗೊಮ್ಮೆ ಗಂಟೆ ಬಾರಿಸುವುದು ಆತನ ಕೆಲಸ. ನಿಜಾಮರ ಸರ್ಕಾರದಲ್ಲಿ ಅದಕ್ಕಿಂತ ಸಣ್ಣ ನೌಕರಿ ಇನ್ನೊಂದಿರಲಿಲ್ಲ. ಆದರೂ ಅಪ್ಪ ಸೂರ್ಯ ತನ್ನ ಕೈಕೆಳಗಿನ ನೌಕರ ಎಂಬಂತೆ ಓಡಾಡುತ್ತಿದ್ದ. ಮನೆಯಲ್ಲಿ ಏಳುವುದಕ್ಕೊಂದು ವೇಳೆ, ಅಂಗಳ ಸಾರಿಸುವುದಕ್ಕೊಂದು ವೇಳೆ. ಅಳುವುದಿದ್ದರೆ ಊಟವಾದ ಮೇಲೆ. ಹಾಗೆ ಬೆಳೆದ ನಾನು ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮದುವೆಯಾಗಿ ಕುಕನೂರಿನ ಹತ್ತಿರದ ಒಂದು ಹಳ್ಳಿಗೆ ಬಂದೆ. ಆ ಮನೆಯಲ್ಲಿ ಇದ್ದದ್ದು ಎರಡೇ ವೇಳೆ. ಒಂದು, "ಈಗ್ಯಾಕ?" ಇನ್ನೊಂದು, "ಆಮ್ಯಾಲೆ ನೋಡಿದರಾತು."

ನಾನು ಬಂದಾಗ ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿನಲ್ಲಿದ್ದಳು. ಹೆರಿಗೆ ಸಸೂತ್ರವಾಯಿತು, ಕೂಸಿಗೆ ಹೆಸರಿಟ್ಟದ್ದಾಯಿತು, ಕೂಸು ಮಗ್ಗುಲಾಗಿ ಅಂಬೆಗಾಲಿಡುವುದಕ್ಕೂ ಬಂತು. ಐದನೇ ತಿಂಗಳಿಗೆ ತಾಯಿಯನ್ನೂ ಮಗುವನ್ನೂ ಗಂಡನ ಮನೆಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಐದನೇ ತಿಂಗಳು ಯಾವಾಗಲೋ ದಾಟಿತ್ತು. ಆಕೆಯ ಗಂಡನ ಮನೆ ಗಂಗಾವತಿಯ ಆಚೆ, ಕಾಲುವೆ ನೀರಿನ ಗದ್ದೆ ಸೀಮೆ. ಅತ್ತೆಯವರ ಪ್ರಕಾರ ಅಲ್ಲಿ ಭತ್ತಕ್ಕಿಂತ ಹುಲುಸಾಗಿ ಬೆಳೆಯುತ್ತಿದ್ದದ್ದು ಚಳಿಜ್ವರ. ನಾದಿನಿಗೂ ಅವಸರವಿರಲಿಲ್ಲ. ಅಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಭತ್ತ ಕುಟ್ಟಬೇಕು. ಇಲ್ಲಿ ಬಿಸಿಲು ಅಂಗಳಕ್ಕೆ ಬಂದರೂ ಕೂಸಿನ ನೆಪದಲ್ಲಿ ಕೌದಿಯೊಳಗೇ ಇರಬಹುದು.

ಮೊದಲ ಸಲ ಆಕೆಯನ್ನು ಕಳಿಸಲು ಚಕ್ಕಡಿ ಹೂಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಮಾನಿಗೆ ಚಾಪೆ ಕಟ್ಟಿ, ಒಳಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಕಿದ್ದರು. ದಾರಿಯ ಬುತ್ತಿಗೆ ಖಟಕ ರೊಟ್ಟಿ, ಶೇಂಗಾ ಹಿಂಡಿ. ಬೀಗರ ಮನೆಗೆ ಒಂದು ಡಬ್ಬಿ ತುಂಬ ಸಿಹಿ ಮಾದಲಿ. ನಾದಿನಿ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಲು ಬಲಗಾಲೆತ್ತಿದಳು. ಕಟ್ಟೆಯ ಮೇಲೆ ಕುಳಿತಿದ್ದ ಬೆಕ್ಕು ಸೀನಿತು.

ಎರಡು ಸೀನಾದರೆ ಶುಭ. ಒಂಟಿ ಸೀನಾದರೆ ಹೊರಟವರು ಒಳಗೆ ಬಂದು ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ನಾದಿನಿ ಬಂದಳು, ಕುಳಿತಳು, ಕುಡಿದಳು, ಎದ್ದಳು. ಬೆಕ್ಕು ಮತ್ತೆ ಒಂದು ಸೀನು ಸೀನಿತು.

"ಎತ್ತಿನ ಕೊಳ್ಳ ಹರಿ," ಎಂದರು ಮಾವ.

ನನ್ನ ಗಂಡ ಎತ್ತುಗಳನ್ನು ನೊಗದಿಂದ ಬಿಚ್ಚಿದ. ಸಂಜೆ ಬೀಗರ ಮಾದಲಿಯನ್ನು ನಾವೇ ಹಾಲು ತುಪ್ಪ ಹಾಕಿಕೊಂಡು ಉಂಡೆವು. ಯಾರ ಮುಖದಲ್ಲೂ ಅಪಶಕುನದ ಚಿಂತೆ ಕಾಣಲಿಲ್ಲ.

ಮರುದಿನ ಮಾವ ಊರಿನ ಅಯ್ಯನವರನ್ನು ಕರೆಸಿದರು. ಪಂಚಾಂಗ ನೋಡುವುದು, ಶಕುನ ಹೇಳುವುದು ಅವರದೇ. ಬೆಕ್ಕಿನ ಸೀನು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಅಯ್ಯನವರು ಉಳಿದಿದ್ದ ಮಾದಲಿಯನ್ನು ಮುಗಿಸಿ ಕೈ ತೊಳೆದುಕೊಂಡರು.

"ಬೆಕ್ಕು ಅಡ್ಡ ಬಂದರ ನಿಂದರತೀರಿಲ್ಲೋ? ಅದರ ಕಾಲಿಗೆ ಇದ್ದ ಕಿಮ್ಮತ್ತು ಮೂಗಿಗಿಲ್ಲೇನು?"

ಮಾವ ತಲೆಯಾಡಿಸಿದರು.

"ಆದರ ಒಂದ ಮಾತು," ಅಯ್ಯನವರು ಬೆರಳೆತ್ತಿದರು. "ನೆಗಡಿ ಸೀನು ಶಕುನಕ್ಕ ಬರಂಗಿಲ್ಲ. ನಶ್ಯ ಏರಿಸಿದ ಸೀನೂ ಬರಂಗಿಲ್ಲ. ಮೈಯಾಗ ಛಲೋ ಇದ್ದವರು ತಾವಾಗೇ ಸೀನಿದರ ಅದು ಖರೇ ಸೀನು. ನಿಮ್ಮ ಬೆಕ್ಕಿಗೆ ನೆಗಡಿ ಏನರ ಐತೇನು?"

ಎಲ್ಲರೂ ಬೆಕ್ಕಿನ ಕಡೆ ನೋಡಿದೆವು. ಅದರ ಬಲ ಹೊಳ್ಳೆಯಿಂದ ಹಳದಿ ಸಿಂಬಳ ಇಳಿದು ಮೀಸೆಗೆ ಅಂಟಿ ಒಣಗಿತ್ತು. ಕಣ್ಣು ಪಿಚ್ಚುಗಟ್ಟಿತ್ತು. ಉಸಿರಾಡಿದರೆ ಮೂಗಿನಲ್ಲಿ ಗೊರಗೊರ ಸದ್ದು.

"ಇಲ್ರಿ ಅಯ್ಯನವರ," ಎಂದರು ಅತ್ತೆ. "ಕಲ್ಲಿನಂಗ ಗಟ್ಟಿ ಐತ್ರಿ."

ಅಲ್ಲಿಗೆ ತೀರ್ಪಾಯಿತು. ಬೆಕ್ಕು ಆರೋಗ್ಯವಾಗಿತ್ತು.

ಒಂದು ಸಲ ತೀರ್ಪಾದ ಮೇಲೆ ಅದರ ಉಪಯೋಗ ಎಲ್ಲರಿಗೂ ತಿಳಿಯಿತು. ಯುದ್ಧದ ಕಾಲದಲ್ಲಿ ರೈತರು ಸರ್ಕಾರಕ್ಕೆ ಲೇವಿ ಜೋಳ ಕೊಡಬೇಕಿತ್ತು. ಅದರ ವಿಚಾರಣೆಗೆ ಯಲಬುರ್ಗಾ ಕಚೇರಿಯಿಂದ ಕರೆ ಬಂದರೆ ಮಾವ ಮೊದಲು ಬೆಕ್ಕನ್ನು ಎತ್ತಿ ಕಟ್ಟೆಯ ಮೇಲೆ ಕೂಡಿಸಿ ಆಮೇಲೆ ರುಮಾಲು ಸುತ್ತಲು ಶುರುಮಾಡುತ್ತಿದ್ದರು. ರುಮಾಲಿನ ಎರಡನೇ ಸುತ್ತಿಗೆ ಸೀನು ಬರುತ್ತಿತ್ತು. ನನ್ನ ಗಂಡ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯಲು ಹೊಲಕ್ಕೆ ಹೊರಡುವ ದಿನ ಬೆಕ್ಕು ಹಿತ್ತಲಲ್ಲಿದ್ದರೂ ಹುಡುಕಿ ಹೋಗಿ ಅದರ ಮುಂದೆ ಹಾದು ಬರುತ್ತಿದ್ದ. ಕಷ್ಟದ ಕೆಲಸಗಳೆಲ್ಲ ಒಂದು ಪ್ರಾಣಿಯ ಮೂಗಿನ ತುದಿಯಲ್ಲಿ ನೇತಾಡುತ್ತಿದ್ದವು. ಜಾತ್ರೆಗೆ, ಮದುವೆ ಊಟಕ್ಕೆ ಹೊರಟಾಗ ಅದೇ ಸೀನು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಬೆಕ್ಕು ಮಾತ್ರ ಸೊರಗುತ್ತಿತ್ತು. ಅದು ನಾದಿನಿಯ ಬೆಕ್ಕು. ಆಕೆ ಪರಕಾರ ಉಡುವ ವಯಸ್ಸಿನಲ್ಲಿ ಬಣವೆಯ ಸಂದಿನಿಂದ ಎತ್ತಿ ತಂದದ್ದಂತೆ. ತನ್ನ ಕಾಲದಲ್ಲಿ ನೆಲದೊಳಗಿನ ಜೋಳದ ಹಗೇವಿಗೆ ಅದೇ ಕಾವಲುಗಾರ. ನಾನು ಕಂಡಾಗ ಇಲಿಗಳು ಅದರ ಎದುರಿನಲ್ಲೇ ನಿಧಾನವಾಗಿ ದಾಟಿ ಹೋಗುತ್ತಿದ್ದವು. ತಟ್ಟೆಯ ಹತ್ತಿರ ಓಡಿ ಬರುವುದು, ಬಾಯಿ ಹಾಕುವುದು, ತಲೆ ಒಂದು ಕಡೆ ಓರೆ ಮಾಡಿ ಮುಂಗಾಲಿನಿಂದ ಬಾಯಿ ಉಜ್ಜಿಕೊಂಡು ಹಿಂದೆ ಸರಿಯುವುದು. ಹಸಿವೆ ಇತ್ತು, ತಿನ್ನಲಾಗುತ್ತಿರಲಿಲ್ಲ. ಬೆನ್ನೆಲುಬು ಜಪಮಣಿಯಂತೆ ಕೈಗೆ ಸಿಗುತ್ತಿತ್ತು.

ನಾನು ಅತ್ತೆಗೆ ಹೇಳಿದೆ. "ಅತ್ತಿ, ಬೆಕ್ಕಿಗೆ ನೆಗಡಿ ಐತ್ರಿ. ಹಲ್ಲೂ ಕೆಟ್ಟಂಗ ಕಾಣತೈತಿ."

"ಯಾರಂದರು?"

"ಮೂಗ ನೋಡ್ರಿ."

"ನೋಡೀನಿ. ವಯಸ್ಸಾದವರ ಮೂಗು ಹಂಗ ಇರತೈತಿ. ನಿಮ್ಮಪ್ಪ ಕೊಪ್ಪಳದಾಗ ಗಂಟಿ ಬಾರಿಸಿ ಬೆಕ್ಕಿಗೆಲ್ಲ ಔಷಧ ಕುಡಸತಾನೇನು? ಅದಕ್ಕೇನೂ ಆಗಿಲ್ಲ. ಹೋಗು, ರೊಟ್ಟಿ ಹೊತ್ತತಾವ."

ಅವರ ಕಷ್ಟ ನನಗೆ ಅರ್ಥವಾಯಿತು. ಬೆಕ್ಕಿಗೆ ನೆಗಡಿ ಎಂದು ಒಪ್ಪಿದರೆ ಆವರೆಗಿನ ಸೀನುಗಳೆಲ್ಲ ರದ್ದಾಗುತ್ತವೆ. ಅವು ರದ್ದಾದರೆ ಮಗಳು ಹೊರಡಬೇಕು, ಮಾವ ಯಲಬುರ್ಗಾಕ್ಕೆ ಹೋಗಿ ಕಚೇರಿಯ ಮುಂದೆ ನಿಲ್ಲಬೇಕು. ಬೆಕ್ಕಿಗೆ ಮದ್ದು ಮಾಡುವುದೆಂದರೆ ತೀರ್ಪಿಗೆ ಎದುರಾಡಿದ ಹಾಗೆ. ಆದ್ದರಿಂದ ಬೆಕ್ಕು ಸಾಯುವವರೆಗೂ ಆರೋಗ್ಯವಾಗಿಯೇ ಇರಬೇಕಿತ್ತು.

ಆ ಮನೆಯಲ್ಲಿ ಹಾಲು ಕದಿಯುವ ಸೊಸೆಯಂದಿರು ಹಿಂದೆ ಇದ್ದಿರಬಹುದು. ಬೆಕ್ಕಿನ ಮೂಗು ಒರೆಸಲು ಕಳ್ಳತನ ಮಾಡಿದವಳು ನಾನೊಬ್ಬಳೇ. ಬೆಳಿಗ್ಗೆ ಒಲೆ ಹೊತ್ತಿದ ಕೂಡಲೇ ಬಿಸಿನೀರಿನಲ್ಲಿ ಅರಿವೆ ಅದ್ದಿ ಒಣಗಿದ ಸಿಂಬಳ ನೆನೆಸಿ ತೆಗೆಯುತ್ತಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಮ್ಮೆ. ವೇಳೆ ತಪ್ಪಿಸಲಿಲ್ಲ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಗೊತ್ತಾಗುವುದಿಲ್ಲ, ವಾಸನೆ ಗೊತ್ತಾಗದೆ ಅದು ಬಾಯಿ ಹಾಕುವುದಿಲ್ಲ. ಹಾಲನ್ನು ಬೆಚ್ಚಗೆ ಮಾಡಿ, ರೊಟ್ಟಿಯ ತಿರುಳು ಹಿಸುಕಿ, ಬೆರಳ ತುದಿಯಷ್ಟು ತುಪ್ಪ ಹಾಕಿದರೆ ನಾಲ್ಕು ಸಲ ನೆಕ್ಕುತ್ತಿತ್ತು. ಹೀಗೆ ಒರೆಸುತ್ತಾ ಒಂದು ಸಂಗತಿ ಗಮನಕ್ಕೆ ಬಂತು. ಸಿಂಬಳ ಬರುತ್ತಿದ್ದದ್ದು ಯಾವಾಗಲೂ ಬಲ ಹೊಳ್ಳೆಯಿಂದಲೇ. ಎಡ ಹೊಳ್ಳೆ ಸ್ವಚ್ಛ. ಬಲಗಡೆ ತುಟಿ ಎತ್ತಿ ನೋಡಿದೆ. ಮೇಲಿನ ಕೋರೆಹಲ್ಲು ಕಂದುಗಟ್ಟಿ ಅಲುಗಾಡುತ್ತಿತ್ತು, ವಸಡು ಕೀವುಗಟ್ಟಿ ನಾರುತ್ತಿತ್ತು. ಮೂಗಿನ ರೋಗದ ಬೇರು ಬಾಯಿಯಲ್ಲಿತ್ತು.

ಆ ವಾರವೇ ಗಂಗಾವತಿ ಕಡೆಯಿಂದ ಭತ್ತ ತಂದ ಚಕ್ಕಡಿಯವರ ಬಾಯಲ್ಲಿ ನಾದಿನಿಯ ಗಂಡ ಹೇಳಿಕಳಿಸಿದ್ದ: "ನಿಮ್ಮ ಬೆಕ್ಕಿಗೆ ನನ್ನ ಶರಣು ಹೇಳ್ರಿ. ಅದರ ಅಪ್ಪಣೆಯಾದಾಗ ನನ್ನ ಹೇಣ್ತೀನ ಕಳಸ್ರಿ. ಮಗ ಚಕ್ಕಡಿ ಹೊಡೆಯೋ ವಯಸ್ಸಿಗೆ ಬಂದ ಮ್ಯಾಲೆ ತಾನೇ ಬಂದರೂ ನಡೀತೈತಿ."

ಮಾವ ಇದನ್ನು ಕೇಳಿ, "ಅಳಿಯ ಭಾಳ ತಿಳಿದಾಂವ, ಶಕುನ ನಂಬತಾನ," ಎಂದರು.

ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದರು. ಮಾವ ಪಡಸಾಲೆಯಲ್ಲಿ ನಿದ್ದೆ ಹೋಗಿದ್ದರು. ನಾನು ಬೆಕ್ಕಿನ ಮುಂದೆ ಹಾಲಿಟ್ಟು ಕುಳಿತಿದ್ದೆ. ಅದು ಮುಖ ತಿರುಗಿಸಿ ಗೋಡೆಯ ಕಡೆ ಮಲಗಿತು. ಹಿಂದಿನ ದಿನವೂ ಏನೂ ತಿಂದಿರಲಿಲ್ಲ. ನಾದಿನಿ ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು ನನ್ನ ಪಕ್ಕ ಕುಳಿತಳು.

"ಅತ್ತಿಗಿ, ಇದು ಸಾಯತೈತೇನು?"

"ಉಣದಿದ್ದರ ಯಾರಾದರೂ ಸಾಯತಾರ."

"ಆ ಹಲ್ಲು ಕಿತ್ತರ?"

"ಉಳಿದರ ಉಳೀಬಹುದು. ಸೀನೂ ನಿಂದರಬಹುದು."

ಆಕೆ ಸ್ವಲ್ಪ ಹೊತ್ತು ಬೆಕ್ಕಿನ ಬೆನ್ನು ಸವರಿದಳು. "ಸೀನು ನಿಂತರ ನಾ ಭತ್ತ ಕುಟ್ಟಾಕ ಹೋಗಬೇಕು."

"ಹೌದು."

"ಇಲ್ಲ ಅನ್ನಾಕಾದರೂ ಬರಂಗಿಲ್ಲೇನು ನಿನಗ? ಭಾಳ ಬಿರುಸಿನಾಕಿ ನೀ," ಎಂದು ಎದ್ದು ಹೋದಳು. ಬರುವಾಗ ಕೈಯಲ್ಲಿ ಮಾವನ ಹಳೆಯ ಧೋತರವಿತ್ತು. ಬೆಕ್ಕನ್ನು ಅದರಲ್ಲಿ ಕೂಸಿನಂತೆ ಬಿಗಿಯಾಗಿ ಸುತ್ತಿ, ತಲೆಯನ್ನಷ್ಟೇ ಹೊರಗೆ ಬಿಟ್ಟು ತೊಡೆಯ ಮೇಲೆ ಹಿಡಿದಳು. "ಕೀಳು. ನಾ ನೋಡಂಗಿಲ್ಲ."

ನಾನು ಬೆರಳಿಗೆ ಅರಿವೆ ಸುತ್ತಿಕೊಂಡು ಹಲ್ಲು ಹಿಡಿದು ಎಳೆದೆ. ಅಷ್ಟು ದಿನ ಮನೆಯನ್ನೇ ಹಿಡಿದು ನಿಲ್ಲಿಸಿದ್ದ ಹಲ್ಲು ಕಳಿತ ಸೀತಾಫಲದಿಂದ ಬೀಜ ಬಂದಂತೆ ಬಂತು. ಹಿಂದೆಯೇ ಕೀವು, ರಕ್ತ, ವಾಸನೆ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರನ್ನು ಅರಳೆಯಿಂದ ಹಿಂಡಿದರೆ ಬಾಯಿಗೆ ಬಿದ್ದದ್ದು ಮೂಗಿನಿಂದ ಹೊರಗೆ ಬಂತು. ನಡುವೆ ತೂತು ಬಿದ್ದಿತ್ತು. ಬೆಕ್ಕು ನಾದಿನಿಯ ಮುಂಗೈಯನ್ನು ಉಳಿದ ಹಲ್ಲುಗಳಿಂದ ಕಚ್ಚಿತು. ಆಕೆ ಬಿಡಲಿಲ್ಲ. ಗಾಯ ಏನೆಂದು ಸಂಜೆ ಅತ್ತೆ ಕೇಳಿದಾಗ, "ಬೇಲಿ ಮುಳ್ಳು ತರಚೇತಿ," ಎಂದಳು.

ಎರಡು ದಿನ ಬೆಕ್ಕು ಜೋಳದ ಕಣಜದ ಹಿಂದಿನಿಂದ ಈಚೆ ಬರಲಿಲ್ಲ. ನಾದಿನಿ ನನ್ನೊಂದಿಗೆ ಮಾತು ಬಿಟ್ಟಳು. ಬಗ್ಗಿ ಬಗ್ಗಿ ಕತ್ತಲಲ್ಲಿ ಕಣ್ಣು ಹೊಳೆಯುತ್ತವೋ ಎಂದು ನೋಡುತ್ತಿದ್ದಳು. ಮೂರನೆಯ ಬೆಳಿಗ್ಗೆ ನಾನು ಹಾಲು ಬೆಚ್ಚಗೆ ಮಾಡುತ್ತಿದ್ದಾಗ ಅದು ತಾನಾಗಿ ಬಂದು ಕಾಲಿಗೆ ಒರಸಿಕೊಂಡಿತು. ತಟ್ಟೆಯನ್ನು ನೆಕ್ಕಿ ಒಣಗಿಸಿತು. ಆಮೇಲಿನ ದಿನಗಳಲ್ಲಿ ಮೂಗು ಒಣಗುತ್ತ ಬಂತು, ಗೊರಗೊರ ಸದ್ದು ಕಡಿಮೆಯಾಯಿತು. ಸೀನು ನಿಂತದ್ದು ಮೊದಲು ಗೊತ್ತಾದದ್ದು ಮಾವನವರಿಗೆ. ರುಮಾಲಿನ ಎರಡನೇ ಸುತ್ತು ಆಯಿತು, ಮೂರನೇದೂ ಆಯಿತು, ಸುತ್ತಲು ರುಮಾಲೇ ಉಳಿಯಲಿಲ್ಲ. ಯಲಬುರ್ಗಾಕ್ಕೆ ಹೋಗಿ ಬಂದರು. ಅಲ್ಲಿ ಏನು ಕೇಳಿಸಿಕೊಂಡರೋ, ಎರಡು ದಿನ ಬೆಕ್ಕಿನ ಮುಖ ನೋಡಲಿಲ್ಲ.

ಮತ್ತೆ ಚಕ್ಕಡಿ ಹೂಡಿದರು. ಕೌದಿ, ಬುತ್ತಿ, ಹೊಸದಾಗಿ ಮಾಡಿದ ಮಾದಲಿ. ನಾದಿನಿ ಕೂಸನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಮನೆಮಂದಿಯೆಲ್ಲ ಬೆಕ್ಕಿನ ಮುಂದೆ ದೇವರ ಪ್ರಸಾದಕ್ಕೆ ಕಾದವರಂತೆ ನಿಂತರು. ಬೆಕ್ಕು ಬಾಲ ನೆಕ್ಕುತ್ತಿತ್ತು. ಮಾವ ಬೇಸರಕ್ಕೆ ಒಂದು ಚಿಟಿಕೆ ನಶ್ಯ ಏರಿಸಿ ಸೀನಿದರು.

"ಸೀನಿದಿರಿ," ಎಂದರು ಅತ್ತೆ, ಕಣ್ಣರಳಿಸಿ.

"ನಶ್ಯಾದ್ದು," ಎಂದರು ಮಾವ. ತಾವೇ ಕರೆಸಿ ಕೇಳಿದ ಶಾಸ್ತ್ರ, ಮೀರುವ ಹಾಗಿರಲಿಲ್ಲ.

"ಒಂದ ಗಳಿಗಿ ತಡೀರಿ," ಎಂದು ಅತ್ತೆ ಒಳಗೆ ಹೋದರು. ಒಣಮೆಣಸಿನಕಾಯಿಯನ್ನು ಒರಳಿಗೆ ಸುರಿದು ಕುಟ್ಟುವ ಸದ್ದು ಕೇಳಿತು. ಮಗಳು ಗಂಡನ ಮನೆಗೆ ಹೊರಟ ಗಳಿಗೆಯಲ್ಲಿ ಖಾರ ಕುಟ್ಟಿದ ಇನ್ನೊಬ್ಬ ತಾಯಿಯನ್ನು ನಾನು ಕಂಡಿಲ್ಲ. ಘಾಟು ಪಡಸಾಲೆ ತುಂಬಿ ಅಂಗಳಕ್ಕೆ ಬಂತು. ಮಾವ ಸೀನಿದರು, ನನ್ನ ಗಂಡ ಸೀನಿದ, ನಾನು ಸೀನಿದೆ, ಕೂಸು ಸೀನಿತು, ಎತ್ತುಗಳು ಮೂತಿ ಕೊಡವಿದವು. ಬೆಕ್ಕು ಮಾತ್ರ ಮೊದಲ ಪೆಟ್ಟಿಗೇ ಜಿಗಿದು ಮಾಳಿಗೆ ಏರಿ ಗಾಳಿಗೆ ಮುಖ ಕೊಟ್ಟು ಕುಳಿತಿತ್ತು.

ಅತ್ತೆ ಕಣ್ಣು ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಾಳಿಗೆಯ ಕಡೆ ನೋಡಿದರು.

"ಯವ್ವಾ," ಎಂದಳು ನಾದಿನಿ, ನಗುವುದೋ ಸೀನುವುದೋ ತಿಳಿಯದೆ. "ಸಾಕು ಬಿಡು. ಕೂಸಿಗೆ ಗಾಳಿ ಬೇಕು, ನಾ ಚಕ್ಕಡಿ ಏರತೀನಿ." ಏರಿದಳು. ಕಮಾನಿನ ಒಳಗಿನಿಂದ ತಲೆ ಹಾಕಿ ನನಗೆ, "ಅತ್ತಿಗಿ, ಅದಕ್ಕ ವ್ಯಾಳ್ಯಾಕ್ಕ ಹಾಕು," ಎಂದಳು. ಚಕ್ಕಡಿ ಊರ ಅಗಸೆ ಬಾಗಿಲು ದಾಟಿತು.

ಅತ್ತೆ ಕಟ್ಟೆಯ ಮೇಲೆ ಕುಳಿತರು. ಅಳುತ್ತಿದ್ದರು, ಆದರೆ ಅಷ್ಟು ಖಾರದ ನಡುವೆ ಅದು ಮೆಣಸಿನಕಾಯಿಯ ಪಾಲಿಗೆ ಹೋಯಿತು. ಬೆಕ್ಕು ಮಾಳಿಗೆಯಿಂದ ಇಳಿದು ಬಂದು, ಮಗಳು ನಿಂತಿದ್ದ ಹೊಸ್ತಿಲನ್ನು ಮೂಸಿ, ಅತ್ತೆಯ ಮಡಿಲೇರಿತು. ಅತ್ತೆ ಅದರ ಗಲ್ಲ ಹಿಡಿದು ಮುಖ ಎತ್ತಿ ನೋಡಿದರು. ಬಲಗಡೆ ತುಟಿ ಸ್ವಲ್ಪ ಒಳಗೆ ಹೋಗಿತ್ತು. ಹೆಬ್ಬೆರಳಿನಿಂದ ತುಟಿ ಎತ್ತಿದರು. ಹಲ್ಲಿನ ಜಾಗ ಖಾಲಿ.

ತುಟಿ ಬಿಟ್ಟು ಬೆಕ್ಕನ್ನು ಮಡಿಲಿಗೆ ಒರಗಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಇದಕ್ಕ ಇಷ್ಟೆಲ್ಲ ಜಡ್ಡಾಗಿತ್ತು. ಮನಿಯಾಗ ಒಬ್ಬರಾದರೂ ನನಗ್ಯಾಕ ಹೇಳಲಿಲ್ಲ?"

ನಾನು ಹಾಲು ಕಾಯಿಸಲು ಒಳಗೆ ಹೋದೆ.