ಈರಪ್ಪನ ಶಹನಾಯಿ, ನನ್ನ ಮಗ್ಗದ ಸಪ್ಪಳ

ಕಳೆದ ವರ್ಷ ದೀಪಾವಳಿ ಮುಗಿದ ವಾರ ನಡೆದದ್ದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ನನ್ನ ವಿದ್ಯುತ್ ಮಗ್ಗದ ಶೆಡ್ಡಿಗೂ ಶಾಂತವ್ವನ ಮನೆಗೂ ಒಂದೇ ಗೋಡೆ. ಆಕೆಯ ಗಂಡ ಈರಪ್ಪ ಕೈಮಗ್ಗದ ನೇಕಾರ, ಶಹನಾಯಿಯನ್ನೂ ನುಡಿಸುತ್ತಿದ್ದ. ಬುಧವಾರ ಸಂಜೆ ರೇಡಿಯೊದಲ್ಲಿ ಬರುವ ಧಾರಾವಾಹಿ ನಾಟಕದ ಆರಂಭದ ಸಂಗೀತದಲ್ಲಿದ್ದದ್ದು ಅವನದೇ ಶಹನಾಯಿ. ಹರೆಯದಲ್ಲಿ ರೇಡಿಯೊ ಕೇಂದ್ರಕ್ಕೆ ಹೋಗಿ ನುಡಿಸಿ ಬಂದಿದ್ದ. ಅದು ಶುರುವಾದರೆ ಓಣಿಯ ಕೈಮಗ್ಗಗಳೆಲ್ಲ ನಿಲ್ಲುತ್ತಿದ್ದ ಕಾಲವಿತ್ತು. ನಾಟಕದ ಪಾತ್ರಧಾರಿಗಳು ಬದಲಾದರು, ಈರಪ್ಪ ತೀರಿಕೊಂಡ, ಸಂಗೀತ ಮಾತ್ರ ಹಾಗೇ ಉಳಿಯಿತು. ರೇಡಿಯೊದವರು ಒಮ್ಮೆಯೂ ಅವನ ಹೆಸರು ಹೇಳಲಿಲ್ಲ.

ಆ ಬುಧವಾರ ಶಾಂತವ್ವ ಶೆಡ್ಡಿನ ಬಾಗಿಲಿಗೆ ಬಂದು, ಇವತ್ತೊಂದು ದಿನ ನಾಟಕ ಶುರುವಾಗುವಾಗ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸು ಎಂದು ಕೇಳಿದಳು. ತಂತಿ ಕಟ್ಟಿದ ಆಕೆಯ ಹಳೇ ರೇಡಿಯೊ ಆ ಗೋಡೆಯ ಬಳಿ ಬಿಟ್ಟು ಬೇರೆಲ್ಲೂ ಹಿಡಿಯದು. ಸಪ್ಪಳದ ಬಗ್ಗೆ ಆಕೆ ಹಿಂದೆ ಓಣಿಯ ಹಿರಿಯರ ಮುಂದೆ ದೂರಿದ್ದಳು. ಆ ಸಿಟ್ಟು ನನ್ನಲ್ಲಿತ್ತು. ವಿದ್ಯುತ್ ಮಗ್ಗವನ್ನು ಸೀರೆಯ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಬಟ್ಟೆಯಲ್ಲಿ ಅಡ್ಡಗೆರೆ ಬೀಳುವುದುಂಟು. ಅದೇ ನೆಪವಾಯಿತು.

“ಸೀರ್ಯಾಗ ಗೆರಿ ಬಿದ್ರ ಯಾರ್ ತಗೋತಾರ? ಮುಂದಿನ ವಾರ ರೇಡಿಯೊ ಕೇಳಾಕ ಬರಂಗಿಲ್ಲೇನು?” ಎಂದೆ.

“ನಡಸಪಾ, ನಿನ್ನ ಸೀರಿ ಚಂದ ಆಗ್ಲಿ,” ಎಂದು ಹೋದಳು. ಇವತ್ತೇ ಯಾಕೆ ಎಂದು ನಾನು ಕೇಳಲಿಲ್ಲ.

ಮರುದಿನ ನಳದ ಹತ್ತಿರ ಆಕೆಯ ಸೊಸೆ ಮಂಜುಳಾ ನನ್ನನ್ನು ತಡೆದಳು. ಮುಂದಿನ ವಾರದಿಂದ ನಾಟಕಕ್ಕೆ ಹೊಸ ಸಂಗೀತ ಬರುತ್ತದೆಂದು ರೇಡಿಯೊದಲ್ಲಿ ಮೊದಲೇ ಹೇಳಿದ್ದರಂತೆ. ವಾರವಾರ ಬರುತ್ತದಲ್ಲ ಎಂದು ಅಲ್ಲಿಯವರೆಗೆ ಯಾರೂ ಅದನ್ನು ರೆಕಾರ್ಡ್ ಮಾಡಿ ಇಟ್ಟಿರಲಿಲ್ಲ. ಕಡೆಯ ಸಲವಾದರೂ ಮೊಬೈಲಿಗೆ ಹಾಕಿಕೊಳ್ಳೋಣವೆಂದು ಅತ್ತೆ ಸೊಸೆ ಕಾದು ಕೂತಿದ್ದರಂತೆ.

“ಕಾಕಾ, ಮಾವನ ಶಹನಾಯಿ ಹಿಡಿಯೂಣಂದ್ರ ನಿಮ್ಮ ಮಗ್ಗ ಬಂದು ಕುಂತೈತಿ. ನೀವ ಕೇಳ್ರಿ,” ಎಂದು ಮೊಬೈಲನ್ನು ನನ್ನ ಕಿವಿಗೆ ಹಿಡಿದಳು. ಖಟಖಟ ಬಿಟ್ಟರೆ ಏನೂ ಇರಲಿಲ್ಲ.

ನೇರ ಶಾಂತವ್ವನ ಮನೆಗೆ ಹೋದೆ. ತಪ್ಪಾಯಿತು ಎನ್ನುವ ಬದಲು ರೇಡಿಯೊದವರನ್ನು ಬೈದೆ. ಇಷ್ಟು ವರ್ಷ ಬಳಸಿಕೊಂಡು, ಮನೆಯವರಿಗೊಂದು ಮಾತು ಹೇಳದೆ ತೆಗೆದು ಹಾಕುವುದೇ? ಹೋಗಿ ಜಗಳ ತೆಗೆಯುತ್ತೇನೆ ಎಂದೆ. ಆಕೆ ಕಸಬರಿಗೆ ಕೆಳಗಿಟ್ಟಳು.

“ಅವರನ್ನ ತಡಿಯೂದು ನನ್ನ ಕೈಯಾಗ ಇರಲಿಲ್ಲ. ಮಗ್ಗ ನಿಲ್ಸೂದು ನಿನ್ನ ಕೈಯಾಗ ಇತ್ತಲ್ಲ?”

ಆಮೇಲೆ ರೇಡಿಯೊದವರಿಗೆ ಫೋನ್ ಮಾಡಿದೆ. ಹಳೆಯ ಟೇಪು ಹಾಳಾಗಿದೆ, ಅದಕ್ಕೇ ಬದಲಿಸಿದೆವು ಎಂದರು. ಶಹನಾಯಿ ನುಡಿಸಿದವರು ಯಾರು ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅವರನ್ನು ಬೈಯಲು ಹೋದಾಗಲೆಲ್ಲ ಶಾಂತವ್ವನ ಮಾತು ನೆನಪಾಗುತ್ತದೆ. ಅವರಿಗೆ ಈರಪ್ಪ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.