ಹುಳುಮನೆಯ ಮುಚ್ಚಿದ ಬಾಗಿಲು

ನನಗೆ ಸಿಟ್ಟು ಸುಲಭಕ್ಕೆ ಬರುವುದಿಲ್ಲ. ಬಂದರೂ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಇಳಿದಿರುತ್ತದೆ. ನಮ್ಮೂರ ದೊಡ್ಡಪ್ಪನ ಮೇಲಿನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ. ದೊಡ್ಡಪ್ಪ ಎಂದರೆ ರಕ್ತಸಂಬಂಧವಲ್ಲ, ಬೀದಿಯವರೆಲ್ಲ ಕರೆಯುವುದೇ ಹಾಗೆ.

ನಮ್ಮೂರು ಮಂಚೇನಹಳ್ಳಿ ಕಡೆ. ದೊಡ್ಡಪ್ಪ, ನಮ್ಮ ಚಿಕ್ಕಮ್ಮ, ಕೆರೆ ಕೆಳಗಿನ ಹೊಸ ಗಂಡ ಹೆಂಡತಿ, ಈ ಮೂರು ಮನೆಯವರು ಒಟ್ಟಿಗೆ ರೇಷ್ಮೆಹುಳು ಮೇಯಿಸಲು ನಿಂತರು. ಒಂದೇ ದಿನ ಮರಿ ತರುವುದು, ಒಂದೇ ಗಾಡಿಯಲ್ಲಿ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವುದು. ಕೂಲಿಗೆ ಜನ ಸಿಗುವುದಿಲ್ಲವಾದ್ದರಿಂದ ಸೊಪ್ಪು ಕೊಯ್ಯಲು, ಹಿಕ್ಕೆ ತೆಗೆಯಲು ಮುಯ್ಯಾಳು: ಇವತ್ತು ಇವರು ಅವರ ಹುಳುಮನೆಗೆ, ನಾಳೆ ಅವರು ಇವರದಕ್ಕೆ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ನಾನು ಪ್ರಾಜೆಕ್ಟ್ ನೋಡಿಕೊಳ್ಳುವವನು. ಯಾರು ಯಾವತ್ತು ಎಲ್ಲಿಗೆ ಎಂದು ಗೊತ್ತುಮಾಡುವ ಹೊಣೆ ಹಾಗಾಗಿ ನನ್ನ ತಲೆಗೆ ಬಂತು. ನನ್ನ ಷರತ್ತು ಒಂದೇ ಇತ್ತು: ದಿನಾ ಸಂಜೆ ಹುಳು ಹೇಗಿದೆಯೆಂದು ಫೋನಿನ ಗುಂಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹಾಕಬೇಕು.

ಚಿಕ್ಕಮ್ಮನಿಗೆ ಆ ಬೆಳೆ ಬೇಕೇ ಬೇಕಿತ್ತು. ಹಿಪ್ಪುನೇರಳೆ ಕಿತ್ತು ಸೇವಂತಿಗೆ ಹಾಕೋಣ ಎಂದು ಮಕ್ಕಳು ಹಟ ಹಿಡಿದಿದ್ದರು. "ಇದೊಂದು ಬೆಳೆ ನೋಡ್ರಪ್ಪ. ಗೂಡು ಬರ್ಲಿಲ್ಲ ಅಂದ್ರೆ ನಾನು ಅಡ್ಡ ಬರಲ್ಲ" ಎಂದು ಮಾತು ಕೊಟ್ಟು ತೋಟ ಉಳಿಸಿಕೊಂಡಿದ್ದರು.

ಮೂರನೇ ಜ್ವರ, ಅಂದರೆ ಹುಳು ಮೂರನೇ ಸಲ ಪೊರೆ ಬಿಡುವುದು, ಮುಗಿದ ಮೇಲೆ ದೊಡ್ಡಪ್ಪ ಮುಯ್ಯಾಳು ಬೇಡವೆಂದರು. "ಸೊಸೆ ತವರಿನೋರು ಬಂದವ್ರೆ, ನಾವೇ ಮಾಡ್ಕೋತೀವಿ." ಗುಂಪಿನಲ್ಲಿ ಮಾತ್ರ ಸಂಜೆ ಸಂಜೆಗೂ ಹೆಬ್ಬೆಟ್ಟು ಎತ್ತಿದ ಚಿತ್ರ, ಕೆಳಗೆ "ಸೂಪರ್". ತಾವು ಮಾತ್ರ, ಆ ದಿನಗಳಲ್ಲಿ ತಮ್ಮ ಸರದಿಯಿದ್ದ ಚಿಕ್ಕಮ್ಮನ ಹುಳುಮನೆಗೆ ತಪ್ಪದೆ ಬಂದು ಹಿಕ್ಕೆ ತೆಗೆದು ಹೋಗುತ್ತಿದ್ದರು. ಇಂಥವರು ಎಲ್ಲಿ ಸಿಕ್ತಾರೆ ಎಂದು ಚಿಕ್ಕಮ್ಮ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಗೂಡು ಕಟ್ಟಲು ಇನ್ನೇನು ಬಂತು ಎನ್ನುವಾಗ ಚಿಕ್ಕಮ್ಮನ ಹುಳು ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದುಕೊಂಡವು. ಸುಣ್ಣಕಟ್ಟು ರೋಗ. ಮುಟ್ಟಿದ ಕೈಯಿಂದ, ಬಟ್ಟೆಯಿಂದ ಹಬ್ಬುವಂಥದ್ದು. ದೊಡ್ಡಪ್ಪ ಮುಯ್ಯಾಳು ಬೇಡವೆಂದದ್ದು ನೆನಪಾಗಿ ನಾನು ನೇರ ಅವರ ಹುಳುಮನೆಗೆ ಹೋಗಿ ಬಾಗಿಲು ತಳ್ಳಿದೆ. ಒಳಗೆ ಅರ್ಧಕ್ಕರ್ಧ ತಟ್ಟೆ ಖಾಲಿ. ಉಳಿದವುಗಳಲ್ಲಿ ಅದೇ ಬಿಳುಪು.

"ಯಾವಾಗಿಂದ ದೊಡ್ಡಪ್ಪ ಇದು?"

"ಹುಳದ ಮುಂದೆ ಕೆಟ್ಟ ಮಾತಾಡ್ಬೇಡ, ಆಚೆ ಬಾ."

"ಮಾತಾಡದಿದ್ರೆ ರೋಗ ಹೋಗ್ತದಾ?"

"ಮೂರನೇ ಜ್ವರ ಎದ್ದಾಗಿಂದ. ಸರಿಹೋಗ್ತದೆ ಅಂದ್ಕೊಂಡೆ ಕಣಪ್ಪ. ಹೇಳಿದ್ರೆ ಗಾಡೀಲಿ ನಮ್ಮ ಗೂಡು ಹಾಕ್ಕೊಳ್ತಿದ್ರಾ ನೀವು?"

"ಹೇಳ್ಲಿಲ್ಲ, ಸರಿ. ಇಲ್ಲಿಂದ ಹೋಗಿ ಚಿಕ್ಕಮ್ಮನ ಹುಳಕ್ಕೆ ಯಾಕೆ ಕೈ ಹಾಕಿದ್ರಿ?"

ಅವರು ಎದೆ ಸೆಟೆದು ನಿಂತರು. "ಮುಯ್ಯಿ ಉಳಿಸ್ಕೊಳ್ಳೋ ವಂಶ ಅಲ್ಲ ಕಣೋ ನಮ್ದು!"

ಕಾರ್ಖಾನೆಯಲ್ಲಿ ನಿಂತೇಹೋದ ಕೆಲಸವನ್ನು "ನಡೀತಾ ಇದೆ ಸಾರ್" ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಕೊನೆಗೆ ನಾಚಿಕೆಯಾದರೂ ಆಗುತ್ತದೆ. ಈ ಮನುಷ್ಯನಿಗೆ ಹೆಮ್ಮೆ!

ಅಷ್ಟರಲ್ಲಿ ಚಿಕ್ಕಮ್ಮ ಸತ್ತ ಹುಳುಗಳನ್ನು ಮೊರದಲ್ಲಿ ಹೊತ್ತು ಬಂದರು. "ತಗೊಳ್ಳಿ ಭಾವ, ತೀರ್ತು ನಿಮ್ಮ ಮುಯ್ಯಿ" ಎಂದು ಹೊಸ್ತಿಲಿಗೆ ಸುರಿದರು.

"ಹೆಂಗಸು ಅಂತ ಸುಮ್ನಿದೀನಿ."

"ಸುಮ್ನಿದ್ದೇ ಅಲ್ವಾ ನನ್ನ ತೋಟ ತೆಗೆದಿದ್ದು ನೀವು! ಫೋಟೋ ತೆಗಿಯೋ, ಗುಂಪಿಗೆ ಹಾಕು."

ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡರು. "ಊರಿಗೆಲ್ಲ ಸಾರ್ತೀಯೇನೋ?" ಕೈ ಬಿಡಿಸಿಕೊಂಡು ಎರಡೂ ಮನೆಯ ಹುಳುಗಳ ಫೋಟೋ ಹಾಕಿದೆ. ಕೆರೆ ಕೆಳಗಿನ ಹುಡುಗಿ ಆ ಕ್ಷಣವೇ ಫೋನು ಮಾಡಿದಳು. "ನಾಳೆಯಿಂದ ಅವರು ನಮ್ಮನೆಗೆ ಬರೋರಿದ್ರಲ್ಲಣ್ಣ!" ಯಾರನ್ನೂ ಒಳಗೆ ಬಿಡಬೇಡ ಎಂದೆ. ಅವಳ ಹುಳು ಉಳಿದವು. ಆ ಸಲ ಶಿಡ್ಲಘಟ್ಟಕ್ಕೆ ಹೋದದ್ದು ಅವರ ಗೂಡು ಮಾತ್ರ.

ಚಿಕ್ಕಮ್ಮನ ತೋಟಕ್ಕೆ ಜೆಸಿಬಿ ಬಂದ ದಿನ ನಾನು ಅಲ್ಲೇ ಇದ್ದೆ. ಅವರು ಮನೆಯಿಂದ ಹೊರಗೆ ಬರಲಿಲ್ಲ. ಈಗ ಅಲ್ಲಿ ಸೇವಂತಿಗೆಯಿದೆ.

ನಾನು ಫೋಟೋ ಹಾಕಿದ್ದಕ್ಕೇ ದೃಷ್ಟಿಯಾಗಿ ಹುಳು ಹೋದವು ಎಂದು ದೊಡ್ಡಪ್ಪ ಹಾಲಿನ ಡೈರಿಯಲ್ಲಿ ಹೇಳಿಕೊಂಡು ತಿರುಗುತ್ತಾರಂತೆ. ಹೇಳಲಿ. ರಸ್ತೆಯಲ್ಲಿ ಎದುರಾದರೆ ನಾನು ಪಕ್ಕಕ್ಕೆ ಸರಿಯುವುದಿಲ್ಲ, ಸರಿಯುವವರು ಅವರೇ.