ನನ್ನ ಹಾಲುಗಂಬದ ಎಲೆ

ಮೊನ್ನೆ ಲೊಕ್ಕನಹಳ್ಳಿಯ ಬಸ್ಸು ಹತ್ತುವಾಗ ನನ್ನ ಕೈಚೀಲದಲ್ಲಿ ಮಗಳ ಮದುವೆಯ ಕರೆಯೋಲೆ, ತಂಗಿ ಮಾದೇವಿಗೊಂದು ಸೀರೆ, ಒದ್ದೆ ಕರವಸ್ತ್ರದಲ್ಲಿ ಸುತ್ತಿದ ಒಂದು ಸೊಪ್ಪಿನ ಕಡ್ಡಿ ಇದ್ದವು. ಸೊಪ್ಪೇಕೆ ಎನ್ನುತ್ತೀರಾ? ಹೇಳುತ್ತೇನೆ, ನಗಬೇಡಿ.

ನಮ್ಮ ಕಡೆ ಮದುವೆಯ ಚಪ್ಪರಕ್ಕೆ ಹಾಲುಗಂಬ ನೆಡುತ್ತಾರೆ. ಅತ್ತಿಯಂಥ ಹಾಲು ಸುರಿಸುವ ಮರದ ಕೊಂಬೆಯನ್ನು ಸೋದರಮಾವ ಕಡಿದು ತರಬೇಕು. ನನ್ನ ಮದುವೆಗೆ ಲೊಕ್ಕನಹಳ್ಳಿಯ ಮಾವ ಹೊತ್ತು ತಂದ ಕಂಬವನ್ನು ಶಾಸ್ತ್ರ ಮುಗಿದ ಮೇಲೆ ಮುಳ್ಳೂರಿನ ತವರಿನ ಹಿತ್ತಿಲಲ್ಲಿ ನೆಟ್ಟರೆ, ಅದು ಚಿಗುರಿ, ಕವಲೊಡೆದು, ಸೂರಿನೆತ್ತರಕ್ಕೆ ನಿಂತುಬಿಟ್ಟಿತು. ನನ್ನ ಬಾಳು ಬೆಳಗಿದ್ದಕ್ಕೆ ಅದೇ ಸಾಕ್ಷಿಯೆಂದು ಅವ್ವ ಕಂಡಕಂಡವರಿಗೆಲ್ಲ ತೋರಿಸುವಳು. ನಾನೂ ಬೀಗುತ್ತಿದ್ದೆ, ಸುಳ್ಳೇಕೆ? ಮಾದೇವಿಯ ಕಂಬವನ್ನು ಕಾಲುವೆ ದಂಡೆಯ ಅತ್ತಿಯಿಂದ ಎಲ್ಲರ ಕಣ್ಣೆದುರೇ ಕಡಿದದ್ದು. ಅದು ನನ್ನದರ ಪಕ್ಕದಲ್ಲೇ ಒಣಗಿ ಸೌದೆಯಾಯಿತು. ಮುಂದೆ ಗಂಡ ಬಿಟ್ಟಾಗ ಅವ್ವ, "ಕಂಬ ಒಣಗ್ದಾಗ್ಲೇ ನಂಗೊತ್ತಿತ್ತು, ಇವ್ಳ್ ಕಾಲ್ಗುಣವೇ ಅಷ್ಟು" ಎಂದುಬಿಟ್ಟಳು. ಮಾದೇವಿ ಲೊಕ್ಕನಹಳ್ಳಿಯ ಅದೇ ಸೋದರಮಾವನ ಮನೆ ಸೇರಿದಳು. ಅವನು ತೀರಿಕೊಂಡ ಮೇಲೆ ಅವನ ಹೊಲ ಗೇಯುತ್ತಿದ್ದಾಳೆ. ತವರಿನ ಯಾವ ಶುಭಕಾರ್ಯದಲ್ಲೂ ಅವಳನ್ನು ಮುಂದಕ್ಕೆ ಬಿಟ್ಟವರಿಲ್ಲ. ಈ ಸಲವೂ ಅವ್ವನ ಅಪ್ಪಣೆ ಅದೇ: ಊಟಕ್ಕೆ ಬರಲಿ, ಶಾಸ್ತ್ರಕ್ಕೆ ಬೇಡ.

ಮೊಮ್ಮಗಳ ಚಪ್ಪರಕ್ಕೆ ಆ ಅದೃಷ್ಟದ ಮರದ ಕೊಂಬೆಯೇ ಆಗಬೇಕೆಂಬುದೂ ಅವ್ವನ ಹಟವೇ. "ಅದು ಯಾವ ಮರ ಅಮ್ಮಾ?" ಎಂದು ಮಗಳು ಕೇಳಿದಾಗ ನಾನು ತಬ್ಬಿಬ್ಬಾದೆ. ನೋಡಿ, ದಿನವೂ ಕೈಮುಗಿಯುವುದರ ಹೆಸರನ್ನು ನಾವು ಕೇಳುವುದೇ ಇಲ್ಲ. ಒಂದೇ ತೊಟ್ಟಿನಲ್ಲಿ ಮೂರೋ ಐದೋ ನುಣುಪು ಎಲೆ, ಒಂದೊಂದರ ತುದಿಗೂ ಪುಟ್ಟ ಬಾಲ, ಅತ್ತಿಯಂತೂ ಅಲ್ಲ. ಫೋನಿಗೆ ತೋರಿಸಿದರೆ ಅದು ಸಲಕ್ಕೊಂದು ಹೆಸರು ಹೇಳಿತು. ಕಾಡಂಚಿನ ಮಾದೇವಿಗೆ ಗೊತ್ತಿದ್ದೀತೆಂದು ಕಿತ್ತು ತಂದಿದ್ದೆ.

ಅವಳ ಹೊಲದ ಮುಂದೆ ನಿಂತು ನೋಡುತ್ತೇನೆ, ಬೇಲಿಯ ಗೂಟಗೂಟದ ತಲೆಯಲ್ಲೂ ಅದೇ ಎಲೆ!

"ಇದ್ಯಾವ ಮರನೇ?"

"ಕೊಂಡಮಾವು ಕಣಕ್ಕ. ಕಡ್ದು ನೆಟ್ರ ಸಾಕು, ಬ್ಯಾಡ ಅಂದ್ರೂ ಚಿಗುರ್ತದ. ಹಾಲಿಲ್ಲ ಏನಿಲ್ಲ, ಇಚುಕುದ್ರ ಮಾವಿನ್ಕಾಯ್ ವಾಸ್ನ."

ಅಯ್ಯೋ ಶಿವನೇ! ಮಾವನಿಗೆ ಅತ್ತಿ ಸಿಗಲಿಲ್ಲವೋ, ಹುಡುಕಲು ಬೇಸರವೋ, ತನ್ನ ಬೇಲಿಯ ಗೂಟವನ್ನೇ ಕಿತ್ತು ತಂದಿದ್ದ. ಅರಿಶಿನ ಬಳಿದು ಮಾವಿನ ಸೊಪ್ಪು ಕಟ್ಟಿದ ಮೇಲೆ ಯಾರು ನೋಡಬೇಕು? ಎಲ್ಲಿ ಚುಚ್ಚಿದರೂ ಚಿಗುರುವ ಗೂಟ ಚಿಗುರಿದ್ದಕ್ಕೆ ನಾನು ಭಾಗ್ಯವಂತೆ, ಒಣಗುವ ಕೊಂಬೆ ಒಣಗಿದ್ದಕ್ಕೆ ನನ್ನ ತಂಗಿ ದರಿದ್ರದವಳು! ಒಬ್ಬ ಹೆಣ್ಣುಮಗಳ ಬಾಳನ್ನು ಎರಡು ಕಟ್ಟಿಗೆ ನೋಡಿ ಅಳೆದ ಮನೆಯಲ್ಲಿ ನಾನು ಹುಟ್ಟಿ ಬೆಳೆದೆನಲ್ಲ! ಕರವಸ್ತ್ರ ಬಿಚ್ಚಿ ತೋರಿಸಿದೆ.

"ಗೊತ್ತು," ಅಂದಳು ಮಾದೇವಿ. "ಮಾವನ್ ಬೇಲಿ ತಿರ್ಗ ಕಟ್ದಾಗ್ಲೇ ಗೊತ್ತಾಯ್ತು."

"ಮತ್ತ್ಯಾಕೆ ಹೇಳ್ಲಿಲ್ವೇ?"

"ಯೋಳಿದ್ರ ಅವ್ವ ನಿನ್ ಮರ ಕಡ್ಸಾಕಳು. ನಂದಂತೂ ಒಣಗೋಯ್ತು, ನಿಂದಾರ ಇರ್ಲಿ ಅಂತ."

ಅಲ್ಲಿಂದ ಯಳಂದೂರಿನ ನನ್ನ ಮನೆಗೆ ಹೋಗಲಿಲ್ಲ. ನೇರ ಮುಳ್ಳೂರಿಗೆ ಬಂದೆ. ಮರದಿಂದ ಒಂದು ಎಲೆ ಕಿತ್ತು, ಹಿಚುಕಿ, ಅವ್ವನ ಮೂಗಿಗೆ ಹಿಡಿದೆ.

"ಮಾವಿನ್ಕಾಯಲ್ವಾ?" ಎಂದಳು. ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅಂಗಾರ... ಮಾದೇವಿದು?"

"ಅವಳದೇ ಕಣವ್ವ, ಅಪ್ಪಟ ಹಾಲುಗಂಬ."

ಅವ್ವ ಆ ಹಿಚುಕಿದ ಎಲೆಯನ್ನು ನನ್ನ ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದು ನಿಂತಳು.

"ಲೊಕ್ಕನಳ್ಳಿಗ ಬಸ್ಸು ಎಷ್ಟೊತ್ಗ?"